ನಿಮ್ಮ ಪ್ರಯೋಗಕ್ಕೆ ಯಾವ ಹೈಡ್ರೋಲೇಸ್? ಅಮೈಲೇಸ್‌ನಿಂದ ಯೂರಿಯೇಸ್‌ವರೆಗೆ ಒಂದು ಹೋಲಿಕೆ

ಕಿಣ್ವದ ಮೇಲೆ ಪ್ರಾಜೆಕ್ಟ್ ಮಾಡಲು ಹೊರಟವರಿಗೂ, ತರಗತಿಗೆ ಒಂದು ಪ್ರಯೋಗ ಹೊಂದಿಸಬೇಕಾದ ಶಿಕ್ಷಕರಿಗೂ ಮೊದಲ ಗೊಂದಲ ಒಂದೇ: ಯಾವ ಕಿಣ್ವ ತಗೊಳ್ಳುವುದು? ಪಟ್ಟಿ ಉದ್ದವಿದೆ. ಅಮೈಲೇಸ್, ಇನ್ವರ್ಟೇಸ್, ಲ್ಯಾಕ್ಟೇಸ್, ಪೆಪ್ಸಿನ್, ಟ್ರಿಪ್ಸಿನ್, ಪಪೈನ್, ಲೈಪೇಸ್, ಯೂರಿಯೇಸ್, ಫಾಸ್ಫಟೇಸ್, ಸೆಲ್ಯುಲೇಸ್. ಎಲ್ಲವೂ ಹೈಡ್ರೋಲೇಸ್‌ಗಳೇ. ಅಂದರೆ ನೀರಿನ ಅಣುವನ್ನು ಬಳಸಿ ಒಂದು ಬಂಧವನ್ನು ಮುರಿಯುವ ಕಿಣ್ವಗಳು. ಮುರಿದ ಒಂದು ತುಂಡಿಗೆ ನೀರಿನ ಹೈಡ್ರೋಜನ್ ಸೇರುತ್ತದೆ, ಇನ್ನೊಂದಕ್ಕೆ ಉಳಿದ ಹೈಡ್ರಾಕ್ಸಿಲ್ ಸೇರುತ್ತದೆ.

ಕೆಲಸ ಒಂದೇ ಆದರೆ ಯಾವುದಾದರೇನು ಅನ್ನಿಸಬಹುದು. ಆದರೆ ಒಂದು ಕಿಣ್ವ ಹತ್ತು ನಿಮಿಷದೊಳಗೆ ಕಣ್ಣಿಗೆ ಕಾಣುವ ಬದಲಾವಣೆ ಕೊಡುತ್ತದೆ. ಇನ್ನೊಂದರಲ್ಲಿ ಇಡೀ ದಿನ ಕಾದರೂ ಟ್ಯೂಬ್ ಇದ್ದ ಹಾಗೇ ಇರುತ್ತದೆ. ಒಂದಕ್ಕೆ ಅಯೋಡಿನ್ ಹನಿ ಸಾಕು, ಇನ್ನೊಂದಕ್ಕೆ ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಬೇಕೇ ಬೇಕು. ಹಾಗಾಗಿ ನನ್ನ ಸಲಹೆ ಸರಳ: ಕಿಣ್ವವನ್ನು ಆರಿಸುವ ಮುಂಚೆ, ಅದು ಕೆಲಸ ಮಾಡಿದ್ದನ್ನು ಹೇಗೆ ಅಳೆಯುತ್ತೀರಿ ಅನ್ನುವುದನ್ನು ಆರಿಸಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಆರಂಭದವರಿಗೆ ಹೈಡ್ರೋಲೇಸ್‌ಗಳನ್ನೇ ಹೇಳುವುದಕ್ಕೆ ಒಳ್ಳೆಯ ಕಾರಣವಿದೆ. ಬೇರೆ ಹಲವು ಕಿಣ್ವಗಳಿಗೆ ಎಟಿಪಿ, ಎನ್‌ಎಡಿ ತರಹದ ದುಬಾರಿ ಜೊತೆಗಾರ ಅಣುಗಳು ಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ಕಿಣ್ವ, ಒಡೆಯಬೇಕಾದ ವಸ್ತು (ಸಬ್‌ಸ್ಟ್ರೇಟ್), ಪಿಎಚ್ ಅನ್ನು ಸ್ಥಿರವಾಗಿಡುವ ಬಫರ್ ದ್ರಾವಣ ಇಷ್ಟಿದ್ದರೆ ಸಾಕು. ನೀರು ಹೇಗೂ ಟ್ಯೂಬ್ ತುಂಬ ಇದೆ. ಅದು ಖಾಲಿಯಾಗುವ ಮಾತೇ ಇಲ್ಲದ್ದರಿಂದ ಲೆಕ್ಕವೂ ಸುಲಭ.

ಒಂದು ಎಚ್ಚರ. ಹೈಡ್ರೋಜನ್ ಪೆರಾಕ್ಸೈಡ್‌ಗೆ ಹಾಕಿದರೆ ಭರ್ರನೆ ನೊರೆ ಬರಿಸುವ ಕ್ಯಾಟಲೇಸ್ ಪ್ರಯೋಗ ತುಂಬ ಜನಪ್ರಿಯ. ಆದರೆ ಕ್ಯಾಟಲೇಸ್ ಹೈಡ್ರೋಲೇಸ್ ಅಲ್ಲ. ಅದು ಎಲೆಕ್ಟ್ರಾನ್ ಸಾಗಿಸುವ ಆಕ್ಸಿಡೊರಿಡಕ್ಟೇಸ್ ಗುಂಪಿನದು. ಅಲ್ಲಿ ನೀರು ಹುಟ್ಟುತ್ತದೆ, ಖರ್ಚಾಗುವುದಿಲ್ಲ. ನಿಮ್ಮ ವಿಷಯ ಜಲವಿಭಜನೆ (ನೀರು ಬಳಸಿ ಬಂಧ ಮುರಿಯುವುದು) ಅಂತಿದ್ದರೆ ಅದನ್ನು ಪಕ್ಕಕ್ಕಿಡಿ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಈಗಾಗಲೇ ಹೇಳಿದ್ದು: ಕಾಣುವ ಗುರುತು. ಬಣ್ಣ ಬದಲಾಗುತ್ತದಾ, ಮಬ್ಬು ತಿಳಿಯಾಗುತ್ತದಾ, ಪಿಎಚ್ ಏರಿಳಿಯುತ್ತದಾ? ಏನೂ ಕಾಣದಿದ್ದರೆ ಪ್ರತಿ ಸಲವೂ ಮಾದರಿ ತೆಗೆದು ಬೇರೆ ಪರೀಕ್ಷೆ ಮಾಡಬೇಕು.

ಎರಡನೆಯದು, ಒಡೆಯಬೇಕಾದ ವಸ್ತು ನೀರಿನಲ್ಲಿ ಕರಗುತ್ತದಾ ಅನ್ನುವುದು. ಸಕ್ಕರೆ ಕರಗುತ್ತದೆ. ಎಣ್ಣೆ ಕರಗುವುದಿಲ್ಲ, ಸೆಲ್ಯುಲೋಸ್ ಅಂತೂ ಇಲ್ಲವೇ ಇಲ್ಲ. ಕರಗದ ವಸ್ತುವಿನ ಜೊತೆ ಎರಡು ಸಲ ಮಾಡಿದರೆ ಎರಡು ಉತ್ತರ ಬರುತ್ತವೆ.

ಮೂರನೆಯದು ಪಿಎಚ್ ಮತ್ತು ಬಿಸಿ. ನಿಮ್ಮಲ್ಲಿ ವಾಟರ್ ಬಾತ್ ಇದೆಯಾ? ಎಷ್ಟು ಡಿಗ್ರಿವರೆಗೆ? ಆಮ್ಲದ ಜೊತೆ ಕೆಲಸ ಮಾಡಲು ಮಕ್ಕಳಿಗೆ ಅನುಮತಿ ಇದೆಯಾ? ನಾಲ್ಕನೆಯದು, ಕ್ರಿಯೆಯನ್ನು ಸರಿಯಾದ ಕ್ಷಣಕ್ಕೆ ನಿಲ್ಲಿಸುವ ದಾರಿ. ಇದನ್ನು ಬಹಳ ಜನ ಕೊನೆಗೆ ಯೋಚಿಸುತ್ತಾರೆ. ಮೂವತ್ತು ಟ್ಯೂಬ್‌ಗಳನ್ನು ಒಟ್ಟಿಗೆ ಓದಲು ಆಗುವುದಿಲ್ಲ, ಅಲ್ವಾ? ನಿಲ್ಲಿಸಲು ಬಾರದಿದ್ದರೆ ಮೊದಲ ಟ್ಯೂಬ್‌ಗೂ ಕೊನೆಯ ಟ್ಯೂಬ್‌ಗೂ ಸಮಯವೇ ಬೇರೆಯಾಗುತ್ತದೆ.

ಖರ್ಚು, ಶೇಖರಣೆ, ಸುರಕ್ಷತೆ ಆಮೇಲೆ ಬರುತ್ತವೆ. ಸಾಮಾನ್ಯವಾಗಿ ಕಚ್ಚಾ ಪುಡಿ ಅಗ್ಗ, ಶುದ್ಧ ಕಿಣ್ವ ದುಬಾರಿ. ಆದರೆ ಖರ್ಚಿನ ದೊಡ್ಡ ಪಾಲು ಎಷ್ಟೋ ಸಲ ಕಿಣ್ವದ್ದಲ್ಲ, ಬಣ್ಣ ಕೊಡುವ ಕೃತಕ ಸಬ್‌ಸ್ಟ್ರೇಟ್‌ನದು.

ಅಮೈಲೇಸ್: ಸುಲಭ, ಆದರೆ ಯಾವ ಅಮೈಲೇಸ್?

1833ರಲ್ಲಿ ಪಾಯೆನ್ ಮತ್ತು ಪೆರ್ಸೊ ಎಂಬ ಫ್ರೆಂಚ್ ವಿಜ್ಞಾನಿಗಳು ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟ ಒಡೆಯುವ ವಸ್ತುವನ್ನು ಬೇರ್ಪಡಿಸಿದರು. ಡಯಾಸ್ಟೇಸ್ ಎಂದು ಹೆಸರಿಟ್ಟರು. ಇಂದಿಗೂ ತರಗತಿಯಲ್ಲಿ ಇದರಷ್ಟು ಸಲೀಸಾದ ಪ್ರಯೋಗ ಇನ್ನೊಂದಿಲ್ಲ. ಪಿಷ್ಟಕ್ಕೆ ಅಯೋಡಿನ್ ಹಾಕಿದರೆ ಕಡುನೀಲಿ. ಸರಪಳಿ ತುಂಡಾಗುತ್ತಾ ಹೋದಂತೆ ನೇರಳೆ, ಕೆಂಗಂದು, ಕೊನೆಗೆ ಅಯೋಡಿನ್‌ನದೇ ಹಳದಿ. ಅಯೋಡಿನ್ ಅನ್ನು ದೊಡ್ಡ ಟ್ಯೂಬ್‌ಗೇ ಸುರಿಯಬೇಡಿ. ಅದು ಕಿಣ್ವಕ್ಕೂ ಅಡ್ಡಿ ಮಾಡುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು, ಬಿಳಿ ಟೈಲ್ ಮೇಲಿನ ಅಯೋಡಿನ್ ಹನಿಗೆ ಸೇರಿಸಿ ನೋಡಿ.

ಆದರೆ ಅಂಗಡಿಯಲ್ಲಿ ಅಮೈಲೇಸ್ ಅಂತ ಸಿಗುವುದೆಲ್ಲ ಒಂದೇ ಅಲ್ಲ. ಎಂಜಲಿನಲ್ಲಿರುವ ಆಲ್ಫಾ ಅಮೈಲೇಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, 7ರ ಆಸುಪಾಸಿನ ಪಿಎಚ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಕ್ಯಾಲ್ಸಿಯಂ ಮತ್ತು ಕ್ಲೋರೈಡ್ ಬೇಕು. ಬಟ್ಟಿ ಇಳಿಸಿದ ನೀರಿನಲ್ಲಿ ಜಾಸ್ತಿ ತೆಳು ಮಾಡಿದರೆ ಸೊರಗುತ್ತದೆ, ಚಿಟಿಕೆ ಉಪ್ಪು ಹಾಕಿದರೆ ಚುರುಕಾಗುತ್ತದೆ. ಇದೇ ಒಂದು ಒಳ್ಳೆಯ ಪ್ರಾಜೆಕ್ಟ್. ಆದರೆ ಎಂಜಲಿನಲ್ಲಿ ಕಿಣ್ವದ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬೇರೆ, ಸೋಂಕಿನ ಭಯವೂ ಇದೆ. ಒಬ್ಬರ ಮಾದರಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಬ್ಯಾಕ್ಟೀರಿಯಾದ ಅಮೈಲೇಸ್ 90 ಡಿಗ್ರಿಯ ಹತ್ತಿರವೂ ಗಟ್ಟಿಯಾಗಿ ನಿಲ್ಲುತ್ತದೆ. ಕೈಗಾರಿಕೆಗೆ ಇದು ವರ. ಆದರೆ ‘ಬಿಸಿ ಮಾಡಿದರೆ ಕಿಣ್ವ ಕೆಡುತ್ತದೆ’ ಎಂದು ತೋರಿಸಲು ಹೊರಟ ವಿದ್ಯಾರ್ಥಿಗೆ 70 ಡಿಗ್ರಿಯಲ್ಲೂ ಅದು ಇನ್ನೂ ವೇಗವಾಗಿ ಓಡುವುದನ್ನು ಕಂಡು ತಲೆಕೆಡುತ್ತದೆ. ಬಿಸಿಯ ಪರಿಣಾಮ ತೋರಿಸುವುದು ಗುರಿಯಾದರೆ ಆಸ್ಪರ್ಜಿಲಸ್ ಒರೈಜೆ ಶಿಲೀಂಧ್ರದ ಅಮೈಲೇಸ್ ತಗೊಳ್ಳಿ. ಅದು 50ರ ಆಸುಪಾಸಿನಲ್ಲಿ ಏರಿ ಆಮೇಲೆ ಇಳಿಯುತ್ತದೆ. ಇಳಿಜಾರು ಗ್ರಾಫ್‌ನಲ್ಲಿ ಚೆನ್ನಾಗಿ ಕಾಣುತ್ತದೆ.

ಅಯೋಡಿನ್‌ನ ಮಿತಿಯನ್ನೂ ತಿಳಿದಿರಿ. ಉದ್ದ ಸರಪಳಿ ಹೋಯಿತು ಎಂದಷ್ಟೇ ಅದು ಹೇಳುತ್ತದೆ. ಎಷ್ಟು ಸಕ್ಕರೆ ಹುಟ್ಟಿತು ಎಂದು ಹೇಳುವುದಿಲ್ಲ. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡೇ ಗ್ಲೂಕೋಸ್ ಕತ್ತರಿಸಿ ಮಾಲ್ಟೋಸ್ ಕೊಡುತ್ತದೆ. ಸಕ್ಕರೆ ಬೇಕಾದಷ್ಟು ಹುಟ್ಟಿದ್ದರೂ ನೀಲಿ ಬಹಳ ಹೊತ್ತು ಉಳಿಯುತ್ತದೆ.

ಇನ್ವರ್ಟೇಸ್ ಮತ್ತು ಲ್ಯಾಕ್ಟೇಸ್: ಅಂಕಿ ಬೇಕಾದವರಿಗೆ

ಇನ್ವರ್ಟೇಸ್ ಮೇಲೆ ನನಗೆ ವಿಶೇಷ ಪ್ರೀತಿ. 1913ರಲ್ಲಿ ಮೈಕೇಲಿಸ್ ಮತ್ತು ಮೆಂಟೆನ್ ಕಿಣ್ವದ ವೇಗ ಲೆಕ್ಕ ಹಾಕುವ, ತಮ್ಮ ಹೆಸರಿನ ಸಮೀಕರಣವನ್ನು ಕಟ್ಟಿದ್ದು ಇದೇ ಕಿಣ್ವದ ಮೇಲೆ. ಇದು ಸುಕ್ರೋಸ್ ಅನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಯೀಸ್ಟ್‌ನಿಂದ ನೀವೇ ತೆಗೆಯಬಹುದು. ಪಿಎಚ್ 4.5ರ ಸುತ್ತ ಚೆನ್ನಾಗಿ ಓಡುತ್ತದೆ. ಸಕ್ಕರೆ ಪೂರ್ತಿ ಕರಗುವುದರಿಂದ ಸಾಂದ್ರತೆ ನಿಮ್ಮ ಹಿಡಿತದಲ್ಲಿರುತ್ತದೆ.

ತೊಂದರೆ ಏನೆಂದರೆ ಟ್ಯೂಬ್‌ನಲ್ಲಿ ಏನೂ ಕಾಣುವುದಿಲ್ಲ. ತಿಳಿ ದ್ರಾವಣ ತಿಳಿಯಾಗೇ ಇರುತ್ತದೆ. ಆದರೆ ಸುಕ್ರೋಸ್‌ಗೆ ಬೆನೆಡಿಕ್ಟ್ ದ್ರಾವಣ ಬಣ್ಣ ಕೊಡುವುದಿಲ್ಲ, ಒಡೆದ ಎರಡೂ ಸಕ್ಕರೆಗಳಿಗೆ ಕೊಡುತ್ತದೆ. ಹಿನ್ನೆಲೆಯಲ್ಲಿ ಗದ್ದಲವಿಲ್ಲದ ಗುರುತು ಇದು. ಕಲರಿಮೀಟರ್ ಇದ್ದರೆ ಹುಟ್ಟಿದ ಸಕ್ಕರೆಯನ್ನು ಬಣ್ಣದಿಂದ ಅಳೆಯುವ ಡಿಎನ್‌ಎಸ್ ಪರೀಕ್ಷೆ ಮಾಡಿ 540 ನ್ಯಾನೋಮೀಟರ್‌ನಲ್ಲಿ ಓದಬಹುದು. ಅದರ ಕುದಿಸುವ ಹಂತವೇ ಕಿಣ್ವವನ್ನೂ ನಿಲ್ಲಿಸುತ್ತದೆ. ದ್ರಾವಣ ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂದು ಅಳೆಯುವ ಪೋಲರಿಮೀಟರ್ ಇರುವ ಕಾಲೇಜಾದರೆ ಇನ್ನೂ ಸೊಗಸು. ಬಲಕ್ಕೆ ತಿರುಗುತ್ತಿದ್ದ ಬೆಳಕು ಕ್ರಮೇಣ ಎಡಕ್ಕೆ ಬರುವುದನ್ನು ನೇರವಾಗಿ ನೋಡಬಹುದು. ಸುಕ್ರೋಸ್ ತೀರಾ ಜಾಸ್ತಿ ಹಾಕಬೇಡಿ. ಒಂದು ಮಟ್ಟ ದಾಟಿದ ಮೇಲೆ ವೇಗ ಕಡಿಮೆಯಾಗುತ್ತದೆ, ಪಠ್ಯಪುಸ್ತಕದ ವಕ್ರರೇಖೆ ಸಿಗುವುದಿಲ್ಲ.

ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್‌ನದ್ದು ಬೇರೆ ಅನುಕೂಲ. ಓಎನ್‌ಪಿಜಿ ಎಂಬ ಕೃತಕ ಸಬ್‌ಸ್ಟ್ರೇಟ್ ಕೊಟ್ಟರೆ ಹಳದಿ ಬಣ್ಣ ಬಿಡುತ್ತದೆ. ಸೋಡಿಯಂ ಕಾರ್ಬೊನೇಟ್ ಹಾಕಿದ ತಕ್ಷಣ ಕ್ರಿಯೆ ನಿಲ್ಲುತ್ತದೆ, ಹಳದಿಯೂ ಗಾಢವಾಗುತ್ತದೆ. ಆದರೆ ಕೊಳ್ಳುವ ಮುಂಚೆ ಮೂಲ ಕೇಳಿ. ಕ್ಲುವೆರೊಮೈಸಿಸ್ ಯೀಸ್ಟ್‌ನ ಲ್ಯಾಕ್ಟೇಸ್ 6.5ರಿಂದ 7ರ ಪಿಎಚ್‌ನಲ್ಲಿ ಕೆಲಸ ಮಾಡುತ್ತದೆ. ಆಸ್ಪರ್ಜಿಲಸ್‌ನದ್ದು ಆಮ್ಲೀಯ ದ್ರಾವಣವನ್ನು, 5ರ ಆಸುಪಾಸನ್ನು ಇಷ್ಟಪಡುತ್ತದೆ. ಆ ಆಮ್ಲದಲ್ಲಿ ಹಳದಿ ಬಣ್ಣ ಕಾಣುವುದೇ ಕಷ್ಟ. ಕಿಣ್ವ ಕೆಲಸ ಮಾಡುತ್ತಿಲ್ಲ ಎಂದು ಚೆಲ್ಲಿಬಿಡಬೇಡಿ. ಕಾರ್ಬೊನೇಟ್ ಹಾಕಿದ ಮೇಲೆ ನೋಡಿ.

ಪ್ರೋಟೀನ್ ಒಡೆಯುವವು

ಇಲ್ಲಿ ಆಯ್ಕೆ ಪಿಎಚ್ ಮೇಲೆಯೇ ನಿಂತಿದೆ. ಪೆಪ್ಸಿನ್‌ಗೆ 2ರ ಆಸುಪಾಸು ಬೇಕು. ಟ್ರಿಪ್ಸಿನ್‌ಗೆ 8. ಪಪೈನ್ 6-7ರಲ್ಲಿ ಆರಾಮ. ತೊಳೆಯುವ ಪುಡಿಗಳಲ್ಲಿ ಬಳಸುವ ಸಬ್ಟಿಲಿಸಿನ್ ಇನ್ನೂ ಕ್ಷಾರೀಯ ದ್ರಾವಣದಲ್ಲೂ ಜಗ್ಗುವುದಿಲ್ಲ.

ಪೆಪ್ಸಿನ್‌ನಲ್ಲಿ ನಿಲ್ಲಿಸುವ ಕೆಲಸ ಅತ್ಯಂತ ಸುಲಭ. ಪಿಎಚ್ ಅನ್ನು 8ರ ಹತ್ತಿರ ಏರಿಸಿದರೆ ಅದು ಶಾಶ್ವತವಾಗಿ ಕೆಡುತ್ತದೆ. ಆದರೆ ಹಾಲಿನ ಪ್ರೋಟೀನ್ ಆದ ಕೇಸೀನ್ ಜೊತೆ ಅದನ್ನು ಸುಮ್ನೆ ಸೇರಿಸಬೇಡಿ. ಆಮ್ಲ ಹಾಕುವಾಗ ಪಿಎಚ್ 4.6ರ ಹತ್ತಿರ ಕೇಸೀನ್ ತಾನಾಗಿಯೇ ಗಡ್ಡೆಕಟ್ಟುತ್ತದೆ. ಅದು ಕಿಣ್ವದ ಕೆಲಸವೋ ಆಮ್ಲದ ಕೆಲಸವೋ ಗೊತ್ತಾಗುವುದಿಲ್ಲ. ಪೆಪ್ಸಿನ್‌ಗೆ ಹಿಮೋಗ್ಲೋಬಿನ್, ಇಲ್ಲವೇ ಬೇಯಿಸಿದ ಮೊಟ್ಟೆಯ ಬಿಳಿ ಸರಿ.

ಟ್ರಿಪ್ಸಿನ್ ಕಟ್ಟುನಿಟ್ಟಿನ ಕಿಣ್ವ. ಪ್ರೋಟೀನ್ ಸರಪಳಿಯಲ್ಲಿ ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಮೈನೋ ಆಮ್ಲ ಆದ ಮೇಲಷ್ಟೇ ಕತ್ತರಿಸುತ್ತದೆ. ಪ್ರೋಟೀನ್ ಗುರುತಿಸುವ ಪ್ರಯೋಗಾಲಯಗಳಿಗೆ ಇದೇ ಬೇಕು, ಏಕೆಂದರೆ ತುಂಡುಗಳು ಎಲ್ಲಿ ಬರುತ್ತವೆ ಎಂದು ಮೊದಲೇ ಹೇಳಬಹುದು. ಶಾಲೆಗೆ ಅಷ್ಟು ಬೇಡ. ಮೇಲಾಗಿ ಟ್ರಿಪ್ಸಿನ್ ತನ್ನನ್ನೇ ತಾನು ಒಡೆದುಕೊಳ್ಳುತ್ತದೆ. ಬಫರ್‌ನಲ್ಲಿ ಕರಗಿಸಿ ಮೇಜಿನ ಮೇಲೆ ಇಟ್ಟರೆ ಸಂಜೆಯ ಹೊತ್ತಿಗೆ ಶಕ್ತಿ ಇಳಿದಿರುತ್ತದೆ. ತುಂಬ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ತಣ್ಣಗಿಟ್ಟು, ಬೇಕಾದಾಗಷ್ಟೇ ಬಫರ್‌ಗೆ ಹಾಕಿ.

ಕಡಿಮೆ ಖರ್ಚಿನವರಿಗೆ ಪಪೈನ್ ಒಳ್ಳೆಯದು. ಪಪಾಯಿ ಕಾಯಿಯ ಹಾಲಿನಿಂದ ಬರುತ್ತದೆ, 60 ಡಿಗ್ರಿಯ ಬಿಸಿಯನ್ನೂ ತಡೆಯುತ್ತದೆ, ಬಹುತೇಕ ಎಲ್ಲ ಪ್ರೋಟೀನ್ ಒಡೆಯುತ್ತದೆ. ಅದರ ಕೆಲಸದ ಜಾಗದಲ್ಲಿ ಗಂಧಕ ಇರುವ ಸಿಸ್ಟೀನ್ ಇದೆ. ಗಾಳಿಗೆ ಆಕ್ಸಿಡೀಕರಣವಾದರೆ ಮಂಕಾಗುತ್ತದೆ. ಹಳೇ ಪುಡಿಗೆ ಸ್ವಲ್ಪ ಸಿಸ್ಟೀನ್ ಬೆರೆಸಿದರೆ ಮತ್ತೆ ಚೇತರಿಸಿಕೊಳ್ಳುವುದುಂಟು. ಕೊಬ್ಬು ತೆಗೆದ ಹಾಲಿನ ಪುಡಿಯ ತೆಳು ದ್ರಾವಣಕ್ಕೆ ಪಪೈನ್ ಅಥವಾ ಟ್ರಿಪ್ಸಿನ್ ಹಾಕಿ, ಟ್ಯೂಬ್ ಹಿಂದೆ ಒಂದು ಗುರುತು ಬರೆದಿಟ್ಟು, ಅದು ಯಾವಾಗ ಸ್ಪಷ್ಟವಾಗಿ ಕಾಣುತ್ತದೆ ಎಂದು ಸಮಯ ನೋಡಿದರೆ ಆಯಿತು. ಯಂತ್ರವೇ ಬೇಡ.

ಸುರಕ್ಷತೆಯ ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. 1960ರ ದಶಕದ ಕೊನೆಯಲ್ಲಿ ಡಿಟರ್ಜೆಂಟ್ ಕಾರ್ಖಾನೆಗಳಲ್ಲಿ ಪ್ರೋಟಿಯೇಸ್ (ಪ್ರೋಟೀನ್ ಒಡೆಯುವ ಕಿಣ್ವ) ಪುಡಿಯ ಧೂಳು ಉಸಿರಾಡಿದ ಕಾರ್ಮಿಕರಿಗೆ ಅಸ್ತಮಾ ಬಂತು. ಕಿಣ್ವವನ್ನು ಮೇಣದಂಥ ಲೇಪದ ಹರಳುಗಳಲ್ಲಿ ಮುಚ್ಚಿ ಕೊಡುವ ಪದ್ಧತಿ ಬಂದದ್ದು ಆಮೇಲೆ. ಮಕ್ಕಳ ಕೈಗೆ ಕಿಣ್ವದ ಪುಡಿ ಕೊಡಬೇಡಿ. ದ್ರಾವಣವನ್ನು ನೀವೇ ಮೊದಲೇ ಮಾಡಿಟ್ಟು ಕೊಡಿ. ಪುಡಿ ತೂಗುವಾಗ ಮಾಸ್ಕ್ ಹಾಕಿ. ಇದು ಪ್ರೋಟಿಯೇಸ್‌ಗೆ ಮಾತ್ರವಲ್ಲ, ಎಲ್ಲ ಕಿಣ್ವದ ಪುಡಿಗೂ ಅನ್ವಯ.

ಲೈಪೇಸ್: ಕಷ್ಟ ಎಲ್ಲಿದೆ

ಕೊಬ್ಬು ನೀರಿನಲ್ಲಿ ಕರಗುವುದಿಲ್ಲ, ಕಿಣ್ವ ಇರುವುದು ನೀರಿನಲ್ಲಿ. ಹಾಗಾಗಿ ಎಣ್ಣೆ ಮತ್ತು ನೀರು ಸೇರುವ ಗಡಿಯಲ್ಲಷ್ಟೇ ಲೈಪೇಸ್ ಕೆಲಸ ಮಾಡುತ್ತದೆ. ಎಷ್ಟು ಎಣ್ಣೆ ಹಾಕಿದಿರಿ ಅನ್ನುವುದಕ್ಕಿಂತ ಹನಿಗಳು ಎಷ್ಟು ಸಣ್ಣಗಿವೆ ಅನ್ನುವುದು ಮುಖ್ಯ. ಒಬ್ಬರು ಜೋರಾಗಿ ಅಲುಗಾಡಿಸಿದರೆ, ಇನ್ನೊಬ್ಬರು ಮೆಲ್ಲಗೆ ಅಲುಗಾಡಿಸಿದರೆ ಫಲಿತಾಂಶ ಹೊಂದುವುದೇ ಇಲ್ಲ. ಹಾಲಿನ ಕೆನೆಯಲ್ಲಿ ಹನಿಗಳು ಮೊದಲೇ ಸಣ್ಣಗಿರುವುದರಿಂದ ಆರಂಭಕ್ಕೆ ಅದೇ ವಾಸಿ.

ಗುರುತು ಸುಂದರ: ಸ್ವಲ್ಪ ಸೋಡಿಯಂ ಕಾರ್ಬೊನೇಟ್ ಮತ್ತು ಫೀನಾಲ್ಫ್ತಲೀನ್ ಹಾಕಿದ ಗುಲಾಬಿ ದ್ರಾವಣ, ಕೊಬ್ಬಿನಾಮ್ಲ ಬಿಡುಗಡೆಯಾದಂತೆ ಬಿಳಿಯಾಗುತ್ತದೆ. ಆದರೆ ಪಿಎಚ್ ಇಳಿಯುತ್ತಾ ಹೋದಂತೆ ಕಿಣ್ವದ ವೇಗವೂ ಬದಲಾಗುತ್ತದೆ ಎಂಬುದನ್ನು ವರದಿಯಲ್ಲಿ ಬರೆಯಬೇಕು.

ಇಲ್ಲಿ ಶುದ್ಧ ಕಿಣ್ವವೇ ಮೇಲು ಅನ್ನುವ ನಂಬಿಕೆ ಕೈಕೊಡುತ್ತದೆ. ಮೇದೋಜ್ಜೀರಕ ಗ್ರಂಥಿಯ ಲೈಪೇಸ್ ಅನ್ನು ಪಿತ್ತ ಲವಣಗಳು ಎಣ್ಣೆಯ ಮೇಲ್ಮೈಯಿಂದ ತಳ್ಳಿಬಿಡುತ್ತವೆ. ಅದನ್ನು ಹಿಡಿದು ನಿಲ್ಲಿಸಲು ಕೋಲೈಪೇಸ್ ಎಂಬ ಪುಟ್ಟ ಪ್ರೋಟೀನ್ ಬೇಕು. ಆ ಗ್ರಂಥಿಯಿಂದಲೇ ಮಾಡಿದ ಕಚ್ಚಾ ಪ್ಯಾಂಕ್ರಿಯಾಟಿನ್ ಪುಡಿಯಲ್ಲಿ ಅದು ಜೊತೆಗೇ ಬರುತ್ತದೆ. ಪಿತ್ತ ಲವಣದ ಪಾತ್ರ ತೋರಿಸಬೇಕಾದರೆ ಅಗ್ಗದ ಪುಡಿಯೇ ಉತ್ತಮ. ಅದರಲ್ಲಿ ಅಮೈಲೇಸ್, ಪ್ರೋಟಿಯೇಸ್ ಕೂಡ ಇರುತ್ತವೆ ಎಂಬುದು ನೆನಪಿರಲಿ.

ಸಂಶೋಧನೆಯ ಕಡೆ ಆಸಕ್ತಿ ಇರುವ ಪದವಿ ವಿದ್ಯಾರ್ಥಿಗಳಿಗೆ ಲೈಪೇಸ್ ಒಂದು ದೊಡ್ಡ ಬಾಗಿಲು ತೆರೆಯುತ್ತದೆ. ನೀರು ಬಹಳ ಕಡಿಮೆ ಇರುವ ದ್ರಾವಕದಲ್ಲಿ ಅದು ಹಿಮ್ಮುಖವಾಗಿ ಓಡಿ ಎಸ್ಟರ್ ಕಟ್ಟುತ್ತದೆ. ಮಣಿಗಳ ಮೇಲೆ ಕೂರಿಸಿದ ಕ್ಯಾಂಡಿಡ ಅಂಟಾರ್ಕ್ಟಿಕ ಲೈಪೇಸ್ ಬಿ ಇದಕ್ಕೆ ಹೆಸರುವಾಸಿ. ಬೆಲೆ ಜಾಸ್ತಿ, ಆದರೆ ಸೋಸಿ ತೊಳೆದು ಮತ್ತೆ ಮತ್ತೆ ಬಳಸಬಹುದು.

ಯೂರಿಯೇಸ್ ಮತ್ತು ಫಾಸ್ಫಟೇಸ್

1926ರಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್‌ನಿಂದ ಯೂರಿಯೇಸ್‌ನ ಹರಳು ತೆಗೆದರು. ಹರಳುಗಟ್ಟಿದ ಮೊದಲ ಕಿಣ್ವ ಅದು. ಕಿಣ್ವ ಪ್ರೋಟೀನ್ ಅಂತ ಒಪ್ಪಲು ಆಗ ಹಲವರು ಸಿದ್ಧರಿರಲಿಲ್ಲ. 1946ರಲ್ಲಿ ಸಮ್ನರ್‌ಗೆ ನೊಬೆಲ್ ಪಾಲು ಸಿಕ್ಕಿತು. ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೇ?

ಪ್ರಯೋಗವೂ ಚುರುಕು. ಯೂರಿಯಾ ಒಡೆದು ಅಮೋನಿಯಾ ಬರುತ್ತದೆ, ಪಿಎಚ್ ಏರುತ್ತದೆ, ಫೀನಾಲ್ ರೆಡ್ ಹಳದಿಯಿಂದ ಗುಲಾಬಿಗೆ ತಿರುಗುತ್ತದೆ. ಯೂರಿಯಾ ಅಗ್ಗ, ಚೆನ್ನಾಗಿ ಕರಗುತ್ತದೆ. ಕಿಣ್ವವನ್ನು ತಡೆಯುವ ಪ್ರತಿಬಂಧಕಗಳ ಪ್ರಾಜೆಕ್ಟ್‌ಗೆ ಇದೇ ನನ್ನ ಮೊದಲ ಆಯ್ಕೆ, ಏಕೆಂದರೆ ಭಾರಲೋಹಗಳಿಗೆ ಯೂರಿಯೇಸ್ ಬಹಳ ಸೂಕ್ಷ್ಮ. ಪಾದರಸದ ಲವಣ ಮುಟ್ಟಬೇಡಿ. ತಾಮ್ರದ ಸಲ್ಫೇಟ್‌ನ ತೆಳು ದ್ರಾವಣ ಸಾಕು. ಕೊರತೆ ಏನೆಂದರೆ, ಬಣ್ಣ ತೋರಬೇಕಾದರೆ ಬಫರ್ ದುರ್ಬಲವಾಗಿರಬೇಕು. ಬಫರ್ ದುರ್ಬಲವಾದರೆ ಪಿಎಚ್ ಸ್ಥಿರ ಇರುವುದಿಲ್ಲ. ಪಿಎಚ್ ಪರಿಣಾಮ ಅಳೆಯುವ ಪ್ರಾಜೆಕ್ಟ್‌ಗೆ ಹಾಗಾಗಿ ಇದು ಬೇಡ.

ಅಣುವಿನಿಂದ ಫಾಸ್ಫೇಟ್ ಕಳಚುವ ಆಲ್ಕಲೈನ್ ಫಾಸ್ಫಟೇಸ್ ಇದಕ್ಕೆ ವಿರುದ್ಧ ಸ್ವಭಾವದ್ದು. ಪಿಎನ್‌ಪಿಪಿ ಎಂಬ ಸಬ್‌ಸ್ಟ್ರೇಟ್ ದುಬಾರಿ, 405 ನ್ಯಾನೋಮೀಟರ್ ಓದುವ ಯಂತ್ರ ಬೇಕು. ಆದರೆ ಕ್ಷಾರದಲ್ಲೇ ಹಳದಿ ಮೂಡುವುದರಿಂದ ನಿಲ್ಲಿಸದೆಯೇ ಪ್ರತಿ ಕ್ಷಣದ ವೇಗ ಓದಬಹುದು. ಕೆಎಂ (ಅರ್ಧ ವೇಗ ಸಿಗುವ ಸಬ್‌ಸ್ಟ್ರೇಟ್ ಸಾಂದ್ರತೆ), ವಿಮ್ಯಾಕ್ಸ್ (ಗರಿಷ್ಠ ವೇಗ) ಲೆಕ್ಕ ಹಾಕುವವರಿಗೆ ಇದರಷ್ಟು ನಿಖರವಾದದ್ದು ಈ ಪಟ್ಟಿಯಲ್ಲಿಲ್ಲ. ಫಾಸ್ಫೇಟ್ ಬಫರ್ ಮಾತ್ರ ಬಳಸಬೇಡಿ, ಫಾಸ್ಫೇಟ್ ಈ ಕಿಣ್ವವನ್ನು ತಡೆಯುತ್ತದೆ. ಲೋಹ ಹಿಡಿಯುವ ಇಡಿಟಿಎ ಕೂಡ ಬೇಡ, ಅದು ಕಿಣ್ವಕ್ಕೆ ಬೇಕಾದ ಸತುವನ್ನು ಕಿತ್ತುಕೊಳ್ಳುತ್ತದೆ.

ಸೆಲ್ಯುಲೋಸ್ ಒಡೆಯುವ ಸೆಲ್ಯುಲೇಸ್ ನಿಧಾನದ್ದು. ಅದು ಒಂದು ಕಿಣ್ವವಲ್ಲ, ಒಟ್ಟಾಗಿ ದುಡಿಯುವ ಗುಂಪು. ಪಿಎಚ್ 5, 50 ಡಿಗ್ರಿ ಕೊಟ್ಟರೂ ಫಿಲ್ಟರ್ ಪೇಪರ್ ಕರಗಲು ತಾಳ್ಮೆ ಬೇಕು. ಇಡೀ ಟರ್ಮ್ ಕೈಯಲ್ಲಿದ್ದರೆ ಮಾತ್ರ ತಗೊಳ್ಳಿ. 2016ರಲ್ಲಿ ವರದಿಯಾದ, ಪ್ಲಾಸ್ಟಿಕ್ ಬಾಟಲಿಯ ಪಿಇಟಿ ಒಡೆಯುವ ಪೆಟೇಸ್ ಬಗ್ಗೆಯೂ ಆಸೆಯಾಗುವುದು ಸಹಜ. ಆದರೆ ಗಟ್ಟಿ ಬಾಟಲಿಯ ಮೇಲೆ ಅದು ಬಹಳ ನಿಧಾನ. ಉತ್ಪನ್ನ ಅಳೆಯಲು ದೊಡ್ಡ ಯಂತ್ರಗಳು ಬೇಕು. ಸೆಮಿನಾರ್‌ಗೆ ಒಳ್ಳೆಯ ವಿಷಯ, ಶಾಲೆಯ ಬೆಂಚಿಗೆ ಅಲ್ಲ.

ಬಜೆಟ್ ಮತ್ತು ಸಮಯ ನೋಡಿ

ಒಂದೇ ತರಗತಿಯ ಅವಧಿ, ಯಂತ್ರವಿಲ್ಲ, ಖರ್ಚು ಕಡಿಮೆ ಇರಬೇಕು ಎಂದರೆ ಶಿಲೀಂಧ್ರದ ಅಮೈಲೇಸ್ ಅಥವಾ ಯೂರಿಯೇಸ್. ಬಿಸಿಯ ಪರಿಣಾಮಕ್ಕೆ ಮೊದಲನೆಯದು, ಪ್ರತಿಬಂಧಕಕ್ಕೆ ಎರಡನೆಯದು. ಪಿಎಚ್ ಪರಿಣಾಮವೇ ವಿಷಯವಾದರೆ ಪೆಪ್ಸಿನ್ ಮತ್ತು ಟ್ರಿಪ್ಸಿನ್ ಜೋಡಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮೊಟ್ಟೆಯ ಬಿಳಿಯನ್ನು ಎರಡಕ್ಕೂ ಬಳಸಿ. ಕಲರಿಮೀಟರ್ ಇದೆ, ಕೆಲವು ವಾರ ಸಮಯವೂ ಇದೆ, ಕೈಯಲ್ಲಿ ದುಡ್ಡು ಮಾತ್ರ ಕಡಿಮೆ ಎಂದರೆ ಕಣ್ಣುಮುಚ್ಚಿ ಇನ್ವರ್ಟೇಸ್ ಹಿಡಿಯಿರಿ. ಸಬ್‌ಸ್ಟ್ರೇಟ್ ಕೊಳ್ಳಲು ದುಡ್ಡಿದ್ದರೆ ಲ್ಯಾಕ್ಟೇಸ್ ಅಥವಾ ಫಾಸ್ಫಟೇಸ್. ಲೈಪೇಸ್ ಅನ್ನು ಎರಡನೇ ಪ್ರಾಜೆಕ್ಟ್‌ಗೆ ಇಟ್ಟುಕೊಳ್ಳಿ ಎಂದೇ ಹೇಳುತ್ತೇನೆ, ಅಲುಗಾಡಿಸುವ ಯಂತ್ರ ಇದ್ದರೆ ಬೇರೆ ಮಾತು.

ಬಾಟಲಿಯ ಮೇಲಿನ ಯೂನಿಟ್ ಅಂಕಿಯನ್ನು ನೋಡಿ ಮಾತ್ರ ಕೊಳ್ಳಬೇಡಿ. ಒಂದು ಯೂನಿಟ್ ಅಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್ ವಸ್ತುವನ್ನು ಬದಲಾಯಿಸುವಷ್ಟು ಕಿಣ್ವ. ಅದು ಯಾವ ಬಿಸಿಯಲ್ಲಿ, ಯಾವ ಪಿಎಚ್‌ನಲ್ಲಿ, ಯಾವ ಸಬ್‌ಸ್ಟ್ರೇಟ್ ಮೇಲೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಟ್ರಿಪ್ಸಿನ್‌ನಲ್ಲಂತೂ ಬಿಎಇಇ ಯೂನಿಟ್ ಎಂಬ ಬಹಳ ಸಣ್ಣ ಅಳತೆಯನ್ನು ಬಳಸುತ್ತಾರೆ. ಸಾವಿರಗಟ್ಟಲೆ ಯೂನಿಟ್ ಎಂದು ಬರೆದಿದ್ದರೂ ಅದು ಅಂದುಕೊಂಡಷ್ಟು ಬಲಶಾಲಿಯಲ್ಲ. ಲೇಬಲ್‌ನ ಸಣ್ಣ ಅಕ್ಷರ ಓದಿ, ಒಂದೇ ಅಳತೆಯವನ್ನಷ್ಟೇ ಹೋಲಿಸಿ.

ತರಿಸುವಾಗ ಸಿಗುವ ಅತಿ ಸಣ್ಣ ಪ್ಯಾಕ್ ತರಿಸಿ. ಬಂದ ದಿನವೇ ಮೂರು ಟ್ಯೂಬ್ ಇಡಿ: ಕಿಣ್ವ ಮತ್ತು ಸಬ್‌ಸ್ಟ್ರೇಟ್ ಎರಡೂ ಇರುವುದು, ಕುದಿಸಿ ಕೆಡಿಸಿದ ಕಿಣ್ವ ಇರುವುದು, ಕಿಣ್ವವೇ ಇಲ್ಲದ್ದು. ಮೊದಲನೆಯದು ಮಾತ್ರ ಬದಲಾದರೆ ಪ್ರಯೋಗ ಶುರು ಮಾಡಿ. ಮೂರೂ ಬದಲಾದರೆ ತಪ್ಪು ಸಬ್‌ಸ್ಟ್ರೇಟ್‌ನಲ್ಲೋ ಬಫರ್‌ನಲ್ಲೋ ಇದೆ. ಮೂರೂ ಸುಮ್ಮನಿದ್ದರೆ ಮೊದಲು ಪಿಎಚ್ ಅಳೆದು ನೋಡಿ.